ಒಗರು ಕಳೆದರೆ ಊಟ: ಕ್ಯಾಲಿಫೋರ್ನಿಯಾ ಕರಾವಳಿಯ ಓಕ್ ಕಾಯಿಯಿಂದ ಹಿಟ್ಟು, ಗಂಜಿ, ರೊಟ್ಟಿ

ಅಕ್ಟೋಬರ್ ಬಂತೆಂದರೆ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೋ ಕಡೆಯ ಕಾಲುದಾರಿಗಳಲ್ಲಿ ಚೂಪು ತುದಿಯ ಕಂದು ಕಾಯಿಗಳು ನಡೆಯುವವರ ಕಾಲಡಿ ಸಿಕ್ಕಿ ಒಡೆಯುತ್ತವೆ. ತೋಟದ ಕೆಲಸದವರು ಅವನ್ನು ಎಲೆಗಳ ಜೊತೆ ಗುಡಿಸಿ ಕಸದ ಡಬ್ಬಿಗೆ ತುಂಬುತ್ತಾರೆ. ಈ ಊರುಗಳಲ್ಲಿ ಬಹಳಷ್ಟು ಕನ್ನಡ ಮನೆಗಳಿವೆ. ಹಿತ್ತಿಲಲ್ಲೇ ಈ ಮರ ಇರುವವರೂ ಕಡಿಮೆಯಿಲ್ಲ. ಆದರೆ ಈ ಕಾಯಿ ಸಾವಿರಾರು ವರ್ಷ ಈ ನೆಲದ ಮುಖ್ಯ ಆಹಾರವಾಗಿತ್ತು, ಇವತ್ತಿಗೂ ಅದನ್ನು ಅಡುಗೆ ಮಾಡಿ ಉಣ್ಣುವ ಜನ ಇಲ್ಲೇ ಇದ್ದಾರೆ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ತಿಳಿದವರೂ ಒಂದು ಚೂರು ಕಡಿದು ನೋಡಿ, ಬಾಯಿಯೆಲ್ಲ ಒಗರಾಗಿ, ಉಗುಳಿ ಸುಮ್ಮನಾಗುತ್ತಾರೆ. ಆ ಒಗರನ್ನು ತೆಗೆಯುವುದೇ ಇಲ್ಲಿನ ಇಡೀ ಕೆಲಸ. ಅದಕ್ಕೆ ವಿಶೇಷ ಸಲಕರಣೆ ಬೇಡ. ನೀರು, ಕೆಲವು ದಿನಗಳ ಕಾಲ, ಎಚ್ಚರದ ನಾಲಿಗೆ ಇದ್ದರೆ ಸಾಕು.

ನಾನು ಹೇಳುತ್ತಿರುವುದು ಕೋಸ್ಟ್ ಲೈವ್ ಓಕ್ ಎಂಬ ಮರದ ಬಗ್ಗೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಕ್ವೆರ್ಕಸ್ ಅಗ್ರಿಫೋಲಿಯಾ. ಓಕ್‌ಗಳಲ್ಲಿ ಅನೇಕವು ಚಳಿಗಾಲಕ್ಕೆ ಎಲೆ ಉದುರಿಸುವಂಥವು; ಇದು ವರ್ಷವಿಡೀ ಹಸಿರು. ಉತ್ತರದ ಮೆಂಡೊಸಿನೊ ಕೌಂಟಿಯಿಂದ ದಕ್ಷಿಣದಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗೆ, ಸಮುದ್ರದ ಗಾಳಿ ಸುಳಿಯುವ ಬೆಟ್ಟಸಾಲುಗಳಲ್ಲಿ ಬೆಳೆಯುತ್ತದೆ. ಓಕ್‌ಲ್ಯಾಂಡ್ ನಗರ ಎದ್ದು ನಿಂತದ್ದು ಇದೇ ಮರಗಳ ತೋಪಿನ ಮೇಲೆ. ಅಲ್ಲಿನ ನಗರಸಭೆ ಕಟ್ಟಡದ ಎದುರು 1917ರಲ್ಲಿ ನೆಟ್ಟ ಒಂದು ಮರ ಇಂದಿಗೂ ಚೌಕವನ್ನೆಲ್ಲ ನೆರಳಾಗಿಸಿ ನಿಂತಿದೆ. ಮರವನ್ನು ಸರಿಯಾಗಿ ಗುರುತಿಸಲು ಕಲಿಯಬೇಕಾದವರು ಮೊದಲು ಅದನ್ನು ನೋಡಿ ಬರಬಹುದು.

ನಮ್ಮ ಸಹ್ಯಾದ್ರಿಯಲ್ಲಿ ಓಕ್ ಕುಲದ ಮರ ಸಹಜವಾಗಿ ಬೆಳೆಯುವುದಿಲ್ಲ. ಭಾರತದಲ್ಲಿ ಅದನ್ನು ನೋಡಬೇಕೆಂದರೆ ಹಿಮಾಲಯದ ತಪ್ಪಲಿಗೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ಆದ್ದರಿಂದ ಈ ಕಾಯಿಯ ಬಗ್ಗೆ ಅಜ್ಜಿಯರಿಂದ ಬಂದ ಪಾಠ ನಮಗಿಲ್ಲ. ಆದರೆ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ, ಬಿಸಿಲಿಗೆ ಹರವುವುದು, ಸಿಪ್ಪೆ ಕೇರುವುದು, ಬೀಸುವುದು, ನೆನೆಸಿ ಮೇಲಿನ ತಿಳಿ ಬಸಿಯುವುದು, ಯಾವುದೂ ನಮ್ಮ ಕೈಗೆ ಹೊಸದಲ್ಲ.

ಮೊದಲು, ಈ ಆಹಾರ ಯಾರದು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಓಲೋನಿ ಜನ, ಸಾಂತಾ ಬಾರ್ಬರಾ ಕಡೆಯ ಚುಮಾಶ್ ಜನ, ಇನ್ನೂ ದಕ್ಷಿಣದ ಲೂಯಿಸೆನ್ಯೊ ಮತ್ತು ಕುಮೆಯಾಯ್ ಜನ, ಈ ಮೂಲನಿವಾಸಿಗಳೆಲ್ಲರಿಗೂ ಓಕ್ ಕಾಯಿಯೇ ದಿನದ ಊಟದ ಆಧಾರವಾಗಿತ್ತು. ಗದ್ದೆಯಿಲ್ಲದೆ, ಉಳುಮೆಯಿಲ್ಲದೆ, ಮರಗಳನ್ನೇ ನಂಬಿ ದೊಡ್ಡ ಊರುಗಳು ಬದುಕಿದವು. ನಂಬಿ ಸುಮ್ಮನೆ ಕೂತದ್ದೂ ಅಲ್ಲ. ಮರಗಳಡಿಯ ಒಣಹುಲ್ಲಿಗೆ ಕಾಲ ನೋಡಿ ಸಣ್ಣ ಬೆಂಕಿ ಇಡುತ್ತಿದ್ದರು. ಅದರಿಂದ ನೆಲದಲ್ಲಿ ಅಡಗಿದ ಹುಳುಗಳು ಸಾಯುತ್ತಿದ್ದವು, ಕಾಯಿ ಆಯಲು ನೆಲ ಸ್ವಚ್ಛವಾಗುತ್ತಿತ್ತು, ದೊಡ್ಡ ಕಾಡ್ಗಿಚ್ಚಿಗೆ ಉರುವಲು ಸಿಗುತ್ತಿರಲಿಲ್ಲ. 1769ರಲ್ಲಿ ಸ್ಪೇನಿನವರು ಸ್ಯಾನ್ ಡಿಯಾಗೋದಲ್ಲಿ ಮೊದಲ ಮಿಷನ್, ಅಂದರೆ ಚರ್ಚಿನ ಸುತ್ತಲಿನ ವಸಾಹತು, ಕಟ್ಟಿದರು. ಮುಂದೆ 1823ರ ಹೊತ್ತಿಗೆ ಕರಾವಳಿಯುದ್ದಕ್ಕೂ ಅಂಥ ಮಿಷನ್‌ಗಳು 21 ಆದವು. ಜನರನ್ನು ಊರುಗಳಿಂದ ಬಿಡಿಸಿ ಅಲ್ಲಿಗೆ ಸೇರಿಸಿದರು, ಬೆಂಕಿ ಇಡುವುದನ್ನು ನಿಷೇಧಿಸಿದರು, ಮಿಷನ್‌ಗಳ ದನಗಳು ತೋಪುಗಳೊಳಗೆ ಮೇದವು. ಇಷ್ಟೆಲ್ಲ ಆದ ಮೇಲೂ ಈ ಅಡುಗೆ ಅಳಿಯಲಿಲ್ಲ.

ಸಿಯೆರಾ ಬೆಟ್ಟಗಳ ತಪ್ಪಲಲ್ಲಿ, ಅಮಡೋರ್ ಕೌಂಟಿಯಲ್ಲಿ, ಇಂಡಿಯನ್ ಗ್ರೈಂಡಿಂಗ್ ರಾಕ್ ಎಂಬ ರಾಜ್ಯ ಉದ್ಯಾನವಿದೆ. ಅಲ್ಲಿನ ಸುಣ್ಣಕಲ್ಲಿನ ಹಾಸುಬಂಡೆಯಲ್ಲಿ ಮೀವಾಕ್ ಹೆಂಗಸರು ತಲೆಮಾರುಗಳ ಕಾಲ ಕಾಯಿ ಕುಟ್ಟಿ ಕುಟ್ಟಿ ಆದ 1,185 ಒರಳುಕುಳಿಗಳಿವೆ. ಒರಳುಕಲ್ಲಿನ ಸುತ್ತ ಕೂತು ಬೆಳೆದ ಮನೆಗಳವರು ಆ ಬಂಡೆಯನ್ನು ಒಮ್ಮೆ ನೋಡಲೇಬೇಕು ಎಂದು ನನ್ನ ಆಸೆ. ಯೊಸೆಮಿಟಿಯ ಮ್ಯೂಸಿಯಂನಲ್ಲಿ ಜೂಲಿಯಾ ಪಾರ್ಕರ್ ಎಂಬ ಹಿರಿಯ ಬುಟ್ಟಿ ಕಲಾವಿದೆ ದಶಕಗಳ ಕಾಲ ಬಂದವರೆದುರು ಕಾಯಿ ಕುಟ್ಟಿ, ತೊಳೆದು, ಬೇಯಿಸಿ ತೋರಿಸಿದರು. 2018ರಲ್ಲಿ ವಿನ್ಸೆಂಟ್ ಮೆಡಿನಾ ಮತ್ತು ಲೂಯಿಸ್ ಟ್ರೆವಿನೊ ಬರ್ಕ್ಲಿಯಲ್ಲಿ ಕೆಫೆ ಓಲೋನಿ ತೆರೆದು, ತಮ್ಮ ಹಿರಿಯರ ಓಕ್ ಗಂಜಿಯನ್ನೂ ರೊಟ್ಟಿಯನ್ನೂ ಅದೇ ನೆಲದಲ್ಲಿ ಮತ್ತೆ ಎಲ್ಲರಿಗೂ ಬಡಿಸಿದರು. ಮುಂದೆ ಬರೆದಿರುವ ವಿಧಾನದ ಬೆನ್ನೆಲುಬು ಈ ಜನರದು. ನಮ್ಮದು ಮಿಕ್ಸಿ ಮತ್ತು ಫ್ರಿಜ್ ಮಾತ್ರ.

ಮರವನ್ನು ಗುರುತಿಸುವುದು

ಎಲೆ ಗಟ್ಟಿ, ಹೊಳಪಿನದು, ಹೆಚ್ಚಾಗಿ ಎರಡರಿಂದ ಆರು ಸೆಂಟಿಮೀಟರ್ ಉದ್ದ, ಅಂಚಿನಲ್ಲಿ ಸಣ್ಣ ಮುಳ್ಳುಗಳು. ಎಲೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರೆ ಅಂಚುಗಳು ಮೇಲೆದ್ದು ನಿಲ್ಲುತ್ತವೆ, ಏಕೆಂದರೆ ಎಲೆಯ ಮೇಲ್ಮೈ ಉಬ್ಬಿರುತ್ತದೆ. ಖಚಿತ ಗುರುತು ಕೆಳಮೈಯಲ್ಲಿದೆ: ನಡುನರದಿಂದ ಪಕ್ಕದ ನರಗಳು ಕವಲೊಡೆಯುವ ಮೂಲೆಗಳಲ್ಲಿ ಕಂದು ಕೂದಲಿನ ಪುಟ್ಟ ಗೊಂಚಲುಗಳು ಕಾಣುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ತಪ್ಪುವುದಿಲ್ಲ. ಒಳನಾಡಿನ ಇಂಟೀರಿಯರ್ ಲೈವ್ ಓಕ್‌ನ ಎಲೆ ಚಪ್ಪಟೆ, ಅದಕ್ಕೆ ಈ ಗೊಂಚಲಿಲ್ಲ. ಕ್ಯಾನ್ಯನ್ ಲೈವ್ ಓಕ್‌ನ ಎಳೆ ಎಲೆಯಡಿ ಚಿನ್ನದ ಬಣ್ಣದ ಪುಡಿ ಇರುತ್ತದೆ. ಇವುಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ಆಯ್ದರೂ ಅಪಾಯವಿಲ್ಲ. ಒಗರು ತೆಗೆಯಲು ಹಿಡಿಯುವ ದಿನಗಳು ಮಾತ್ರ ಬದಲಾಗುತ್ತವೆ.

ಅಪಾಯ ಇರುವುದು ಬೇರೆ ಕಡೆ. ಕ್ಯಾಲಿಫೋರ್ನಿಯಾ ಬಕೈ ಎಂಬ ಮರ ಅದೇ ಬೆಟ್ಟಗಳಲ್ಲಿ, ಅದೇ ತಿಂಗಳುಗಳಲ್ಲಿ ದೊಡ್ಡ, ದುಂಡನೆಯ, ನಯವಾದ ಕಂದು ಬೀಜಗಳನ್ನು ಉದುರಿಸುತ್ತದೆ. ಅವು ವಿಷ. ಓಕ್ ಕಾಯಿ ಉದ್ದ, ತುದಿ ಚೂಪು, ಬುಡದಲ್ಲಿ ಹುರುಪೆ ಹುರುಪೆಯಾದ ಒಂದು ಟೋಪಿ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಈ ಒಂದು ನಿಯಮವನ್ನು ಮೊದಲೇ ಹೇಳಿಕೊಡಿ: ಟೋಪಿ ಇಟ್ಟಿದ್ದ ಗುರುತಿಲ್ಲದ ಬೀಜವನ್ನು ಚೀಲಕ್ಕೆ ಹಾಕಬಾರದು.

ಆಯುವುದು

ಸೆಪ್ಟೆಂಬರ್‌ನಲ್ಲಿ ಮೊದಲು ಉದುರುವ ಕಾಯಿಗಳಲ್ಲಿ ಹೆಚ್ಚಿನವು ಹುಳುಕು. ಮರ ತನಗೆ ಬೇಡದ್ದನ್ನು ಮೊದಲು ಬಿಡುತ್ತದೆ. ಅವಸರ ಬೇಡ. ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ, ಒಂದು ಜೋರು ಗಾಳಿ ಬೀಸಿದ ಮರುದಿನ ಹೋದರೆ ಒಳ್ಳೆಯ ಕಾಯಿ ಸಿಗುತ್ತದೆ. ಮಳೆ ಬಿದ್ದು ನೆಲದಲ್ಲಿ ಹಲವು ದಿನ ನೆನೆದವು ಬೂಸ್ಟು ಹಿಡಿಯುತ್ತವೆ ಅಥವಾ ಮೊಳೆಯುತ್ತವೆ. ಹೀಗಾಗಿ ಗಾಳಿಗೂ ಮಳೆಗೂ ನಡುವಿನ ದಿನಗಳೇ ನಿಮ್ಮವು.

ಕಾಯಿ ಕೈಗೆ ತೂಕವಾಗಿರಬೇಕು, ಬಣ್ಣ ಕೆಂಗಂದು ಇರಬೇಕು. ಸಿಪ್ಪೆಯ ಮೇಲೆ ದುಂಡನೆಯ ಸಣ್ಣ ತೂತಿದ್ದರೆ ಒಳಗಿನ ಮರಿಹುಳು ತಿಂದು ಹೊರಬಿದ್ದಿದೆ ಎಂದರ್ಥ. ಕೆಳಗೆ ಬಿದ್ದ ಮೇಲೂ ಟೋಪಿ ಬಿಗಿಯಾಗಿ ಅಂಟಿಕೊಂಡಿದ್ದರೆ ಅದೂ ಸಾಮಾನ್ಯವಾಗಿ ಕೆಟ್ಟದ್ದೇ. ಮನೆಗೆ ತಂದ ಕೂಡಲೇ ಒಂದು ಬಕೆಟ್ ನೀರಿಗೆ ಸುರಿಯಿರಿ. ತೇಲಿದ್ದನ್ನು ಎಸೆಯಿರಿ, ಮುಳುಗಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮೊದಲ ಸಲಕ್ಕೆ ನಾಲ್ಕೈದು ಲೀಟರ್ ಹಿಡಿಯುವ ಒಂದು ಬಕೆಟ್ ಕಾಯಿ ಸಾಕು. ಅದಕ್ಕಿಂತ ಹೆಚ್ಚು ತಂದರೆ ಸಿಪ್ಪೆ ತೆಗೆಯುವಾಗ ಬೇಸರ ಬಂದು ಅರ್ಧ ಹಾಳಾಗುತ್ತದೆ.

ಎಲ್ಲಿ ಆಯಬೇಕು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿನ ಅನೇಕ ಸಾರ್ವಜನಿಕ ಉದ್ಯಾನಗಳಲ್ಲಿ ಗಿಡಮರಗಳ ಯಾವ ಭಾಗವನ್ನೂ ಒಯ್ಯುವಂತಿಲ್ಲ. ಸ್ವಂತ ಹಿತ್ತಿಲು, ಒಪ್ಪಿಗೆ ಕೊಟ್ಟ ನೆರೆಯವರ ಅಂಗಳ, ಇವೆರಡೇ ನಿಶ್ಚಿಂತೆಯ ಜಾಗ. ಕಾಯಿ ಗುಡಿಸಿ ಸಾಕಾದ ನೆರೆಯವರು ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ. ವಾಹನ ದಟ್ಟವಾಗಿರುವ ರಸ್ತೆಯ ಅಂಚು, ಕಳೆನಾಶಕ ಸಿಂಪಡಿಸಿದ ಹುಲ್ಲುಹಾಸು ಬೇಡ. ಮರದ ಕಾಂಡದಿಂದ ಕೆಂಪುಗಪ್ಪು ರಸ ಒಸರುತ್ತಿದ್ದರೆ ಅದು ಓಕ್‌ಗಳ ಹಠಾತ್ ಸಾವಿನ ರೋಗದ ಗುರುತಾಗಿರಬಹುದು. 1990ರ ದಶಕದ ನಡುವಿನಿಂದ ಈ ಕರಾವಳಿಯ ಲೆಕ್ಕವಿಲ್ಲದಷ್ಟು ಓಕ್‌ಗಳನ್ನು ಕೊಂದಿರುವ ಫೈಟಾಫ್ತೊರಾ ರಮೋರಮ್ ಎಂಬ ಸೂಕ್ಷ್ಮಜೀವಿ ಅದಕ್ಕೆ ಕಾರಣ. ಅಂಥ ತೋಪಿನಿಂದ ಎಲೆ, ಕೊಂಬೆ, ಮಣ್ಣು ಏನನ್ನೂ ತರಬೇಡಿ. ಬೂಟಿಗೆ ಅಂಟಿದ ಕೆಸರನ್ನು ಅಲ್ಲೇ ಉಜ್ಜಿ ತೆಗೆದು ಹೊರಡಿ.

ಇನ್ನೊಂದು ಮಾತು. ಈ ಕಾಯಿಗೆ ನಮಗಿಂತ ಹಿಂದಿನ ಹಕ್ಕುದಾರರು ಇದ್ದಾರೆ. ಇಲ್ಲೊಂದು ಮರಕುಟಿಗ ಒಣಮರದ ಮೈತುಂಬ ಸಾವಿರಾರು ಕುಳಿ ಕೊರೆದು, ಒಂದೊಂದರಲ್ಲಿ ಒಂದೊಂದು ಓಕ್ ಕಾಯಿಯನ್ನು ಬಿಗಿಯಾಗಿ ಹೊಡೆದು ಕೂರಿಸಿ ಚಳಿಗಾಲಕ್ಕೆ ದಾಸ್ತಾನು ಮಾಡುತ್ತದೆ. ಜಿಂಕೆ, ಅಳಿಲು, ನೀಲಿ ಜೇ ಹಕ್ಕಿ ಎಲ್ಲಕ್ಕೂ ಇದೇ ಊಟ. ಮರ ಪ್ರತಿವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಒಂದು ವರ್ಷ ನೆಲ ಕಾಣದಷ್ಟು, ಮುಂದಿನ ವರ್ಷ ಬೆರಳೆಣಿಕೆಯಷ್ಟು. ಕಡಿಮೆ ಬಿಟ್ಟ ವರ್ಷ ಆಯುವುದನ್ನು ಬಿಟ್ಟುಬಿಡುವುದು ಸರಿಯೆಂದು ನನಗನ್ನಿಸುತ್ತದೆ. ನಮಗೆ ಅಂಗಡಿಯಿದೆ, ಅವಕ್ಕಿಲ್ಲ.

ಒಣಗಿಸಿ, ಒಡೆದು, ಕೇರುವುದು

ಹಸಿ ಕಾಯಿಯ ಸಿಪ್ಪೆ ತೆಗೆಯಲು ಹೋಗಬೇಡಿ. ತಿರುಳು ಸಿಪ್ಪೆಗೆ ಅಂಟಿರುತ್ತದೆ, ಗಾಳಿ ತಗುಲಿದ ಕೂಡಲೇ ಕಪ್ಪಾಗುತ್ತದೆ. ಒಂದೇ ಪದರವಾಗಿ ಬಿಸಿಲಿಗೆ ಹರವಿ, ಮೇಲೆ ಜಾಲರಿ ಮುಚ್ಚಿ. ಒಂದೆರಡು ವಾರದಲ್ಲಿ ತಿರುಳು ಕುಗ್ಗಿ, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತದೆ. ಮಂಜು ಮುಸುಕಿದ ದಿನಗಳಲ್ಲಿ ಹಣ್ಣುತರಕಾರಿ ಒಣಗಿಸುವ ಯಂತ್ರವನ್ನು 110 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಬಳಸಬಹುದು. ಓವನ್ ಆದರೆ ಅದರ ಅತಿ ಕಡಿಮೆ ಬಿಸಿಗೆ ಇಟ್ಟು ಬಾಗಿಲನ್ನು ಸ್ವಲ್ಪ ತೆರೆದಿಡಿ. ಬಿಸಿ ಹೆಚ್ಚಾದರೆ ಒಳಗಿನ ಪಿಷ್ಟ ಬೆಂದುಹೋಗಿ ಹಿಟ್ಟಿನ ಅಂಟು ಕೆಡುತ್ತದೆ.

ಹೀಗೆ ಚೆನ್ನಾಗಿ ಒಣಗಿದ ಕಾಯಿ ಸಿಪ್ಪೆಯೊಳಗೇ ಇದ್ದರೆ ವರ್ಷಕ್ಕೂ ಹೆಚ್ಚು ಕಾಲ ಕೆಡುವುದಿಲ್ಲ. ಮೀವಾಕ್ ಜನ ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ಕಣಜ ಕಟ್ಟಿ ಹೀಗೇ ಕಾಯಿ ಕೂಡಿಡುತ್ತಿದ್ದರು. ಕಾಯಿ ಬಿಡದ ವರ್ಷಗಳನ್ನು ಊರು ದಾಟುತ್ತಿದ್ದದ್ದು ಆ ಕಣಜಗಳಿಂದ.

ಒಡೆಯಲು ಕಾಯಿಯನ್ನು ಚಪ್ಪಟೆ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಒಂದು ಏಟು ಹಾಕಿ. ಸಿಪ್ಪೆ ಉದ್ದಕ್ಕೆ ಸೀಳಿ ತಿರುಳು ಎರಡು ಹೋಳಾಗಿ ಹೊರಬರುತ್ತದೆ. ಕೆನೆಬಣ್ಣದಿಂದ ತಿಳಿಗಂದುವರೆಗಿನ ತಿರುಳು ಒಳ್ಳೆಯದು. ಕಪ್ಪಾಗಿದ್ದರೆ, ಪುಡಿಪುಡಿಯಾಗಿದ್ದರೆ, ಬೂಸ್ಟಿನ ವಾಸನೆ ಇದ್ದರೆ ಯೋಚಿಸದೆ ಎಸೆಯಿರಿ.

ತಿರುಳಿನ ಮೈಗೆ ತೆಳುವಾದ ಕಂದು ಪೊರೆಯೊಂದಿದೆ. ಅದರಲ್ಲಿ ಒಗರು ಬಹಳ. ಚೆನ್ನಾಗಿ ಒಣಗಿದ ತಿರುಳನ್ನು ಒರಟು ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಉಜ್ಜಿದರೆ ಪೊರೆ ಬಿಡುತ್ತದೆ. ಆಮೇಲೆ ಕೇರಬೇಕು. ಊರಿಂದ ಮೊರ ತಂದಿದ್ದವರು ಅದನ್ನು ಹೊರತೆಗೆಯಿರಿ. ಇಲ್ಲಿನ ಹೆಂಗಸರು ಹೆಣೆದ ಚಪ್ಪಟೆ ಬುಟ್ಟಿಯಲ್ಲಿ ಮಾಡುತ್ತಿದ್ದದ್ದೂ ಇದೇ ಕೆಲಸ. ಮೊರ ಇಲ್ಲದವರು ಅಗಲ ತಟ್ಟೆಯಲ್ಲಿ ಹಾಕಿ ಗಾಳಿಗೆ ಹಿಡಿದು ಚಿಮ್ಮಿದರೂ ಆಗುತ್ತದೆ. ಮಡಿಕೆಗಳೊಳಗೆ ಉಳಿದ ಚೂರುಪಾರು ಪೊರೆಗಾಗಿ ಗಂಟೆಗಟ್ಟಲೆ ಕೂರಬೇಡಿ, ಅದರ ಒಗರನ್ನು ನೀರು ತೆಗೆಯುತ್ತದೆ.

ಬೀಸುವುದು

ನಮ್ಮ ಮಿಕ್ಸಿಯ ಒಣಪುಡಿ ಜಾರ್ ಇದಕ್ಕೆಂದೇ ಮಾಡಿದಂತಿದೆ. ಸ್ವಲ್ಪ ಸ್ವಲ್ಪ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಈ ಜಾತಿಯ ಕಾಯಿಯಲ್ಲಿ ಎಣ್ಣೆಯಂಶ ಜಾಸ್ತಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಮುದ್ದೆಗಟ್ಟುತ್ತದೆ. ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೆ ಬೀಸಿ. ಹಿಟ್ಟು ನುಣ್ಣಗಾದಷ್ಟೂ ಒಗರು ಬೇಗ ಇಳಿಯುತ್ತದೆ. ಇಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಮುಂದೆ ಎರಡು ದಿನ ತೆರಬೇಕಾಗುತ್ತದೆ.

ಒಗರು ತೆಗೆಯುವುದು

ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಗಟ್ಟಿ ಚಹಾ, ಎಳೆ ಬಾಳೆಕಾಯಿ, ಅಡಿಕೆ ಬಾಯನ್ನು ಒಣಗಿಸುವುದೂ ಇದೇ ಗುಂಪಿನ ವಸ್ತುಗಳಿಂದ. ಅದು ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಬಿಗಿದಂತಾಗುತ್ತದೆ. ಹಸಿ ಕಾಯಿಯನ್ನು ಹೆಚ್ಚು ತಿಂದರೆ ಹೊಟ್ಟೆನೋವು, ಮಲಬದ್ಧತೆ ಬರುತ್ತದೆ. ದನ, ಕುದುರೆಗಳು ಹಸಿ ಕಾಯಿ ಅತಿಯಾಗಿ ಮೇದು ಸಾಯುವುದೂ ಉಂಟು. ನಾಯಿ ಸಾಕಿದವರು ಕಾಯಿ ಹರವಿದ ಜಾಗಕ್ಕೆ ಅದನ್ನು ಬಿಡಬೇಡಿ. ಆದರೆ ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಹಾಗಾಗಿಯೇ ಇದು ಆಹಾರವಾಗಲು ಸಾಧ್ಯವಾಯಿತು.

ದಾರಿ ಎರಡಿವೆ: ತಣ್ಣೀರಿನಲ್ಲಿ ತೊಳೆಯುವುದು, ಕುದಿಸುವುದು. ನಾನು ತಣ್ಣೀರಿನ ಕಡೆಯವನು. ತಣ್ಣೀರಲ್ಲಿ ತೊಳೆದ ಹಿಟ್ಟಿನ ಪಿಷ್ಟ ಬೇಯದೆ ಉಳಿಯುವುದರಿಂದ ಮುಂದೆ ಗಂಜಿ ಗಟ್ಟಿಯಾಗುತ್ತದೆ, ರೊಟ್ಟಿ ಹಿಡಿದು ನಿಲ್ಲುತ್ತದೆ.

ಒಂದು ದೊಡ್ಡ ಗಾಜಿನ ಜಾಡಿಯ ಕಾಲು ಭಾಗ ಹಿಟ್ಟು ಹಾಕಿ, ಕತ್ತಿನವರೆಗೆ ತಣ್ಣೀರು ತುಂಬಿ, ಚೆನ್ನಾಗಿ ಕದಡಿ ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಹುಳಿ ಬರುತ್ತದೆ. ಕೆಲವು ಗಂಟೆಗಳಲ್ಲಿ ಹಿಟ್ಟು ತಳಕ್ಕೆ ಕೂತು, ಮೇಲೆ ಕಡು ಚಹಾ ಬಣ್ಣದ ನೀರು ನಿಲ್ಲುತ್ತದೆ. ರಾಗಿ ಮಣ್ಣಿಗೆ ಹಾಲು ತೆಗೆದು ಇಟ್ಟಾಗ ಮೇಲಿನ ತಿಳಿಯನ್ನು ಅಲುಗದಂತೆ ಬಸಿಯುತ್ತೇವಲ್ಲ, ಹಾಗೆಯೇ ಬಸಿಯಿರಿ. ಹಿಟ್ಟಿನ ಮೇಲೆ ತೆಳ್ಳಗೆ ಕೂತಿರುವ ಬಿಳಿ ಪದರವೇ ಪಿಷ್ಟ, ಅದು ಹೊರಗೆ ಹೋಗಬಾರದು. ಮತ್ತೆ ನೀರು ತುಂಬಿ, ಕದಡಿ, ಇಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೀರು ಬದಲಿಸಿದರೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಕೆಲವು ಮರಗಳ ಕಾಯಿಗೆ ನಾಲ್ಕೇ ದಿನ ಸಾಕು, ಕೆಲವಕ್ಕೆ ಹತ್ತು ದಿನ ಬೇಕು.

ಮುಗಿಯಿತೇ ಎಂದು ನೀರಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ನೀರು ತಿಳಿಯಾದ ಮೇಲೂ ಹಿಟ್ಟಿನಲ್ಲಿ ಒಗರು ಉಳಿದಿರಬಹುದು. ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟು, ಅಗಿದು, ಅರ್ಧ ನಿಮಿಷ ಕಾಯಿರಿ. ಒಗರು ತಡವಾಗಿ ತಿಳಿಯುವ ರುಚಿ. ಬಾಯಿ ಬಿಗಿಯದಿದ್ದರೆ, ತುಸು ಸಿಹಿ ಅಥವಾ ಸಪ್ಪೆ ಅನ್ನಿಸಿದರೆ ಆಯಿತು. ಸಂಶಯ ಬಂದರೆ ಇನ್ನೊಂದು ದಿನ ಇಡಿ. ಅದರಿಂದ ಏನೂ ಕೆಡುವುದಿಲ್ಲ. ಚಹಾ, ಕಾಫಿ ಕುಡಿದ ಕೂಡಲೇ ರುಚಿ ನೋಡಬೇಡಿ, ನಾಲಿಗೆ ಮೋಸಹೋಗುತ್ತದೆ.

ಇಲ್ಲಿನ ಹಿರಿಯರ ವಿಧಾನ ಇದಕ್ಕಿಂತ ಬಹಳ ವೇಗದ್ದು. ಹೊಳೆಯಂಚಿನ ಶುದ್ಧ ಮರಳಿನಲ್ಲಿ ಅಗಲವಾದ, ಆಳವಿಲ್ಲದ ತಗ್ಗು ಮಾಡಿ, ಹಿಟ್ಟನ್ನು ಅದರಲ್ಲಿ ಸಮವಾಗಿ ಹರಡಿ, ಮೇಲೆ ಎಲೆಗೊಂಬೆ ಹಿಡಿದು ಅದರ ಮೂಲಕ ನೀರು ಸುರಿಯುತ್ತಿದ್ದರು. ಕೊಂಬೆ ಇರುವುದರಿಂದ ನೀರು ಹನಿಹನಿಯಾಗಿ ಬಿದ್ದು ಹಿಟ್ಟು ಕದಡುವುದಿಲ್ಲ, ಒಗರು ಮರಳಿಗೆ ಇಳಿದುಹೋಗುತ್ತದೆ. ಕೆಲವು ಗಂಟೆಗಳ ಕೆಲಸ. ಮನೆಯಲ್ಲಿ ಇದನ್ನು ಅನುಸರಿಸಬೇಕೆಂದರೆ ಅಗಲ ಜರಡಿಗೆ ದಟ್ಟ ನೇಯ್ಗೆಯ ಹತ್ತಿಬಟ್ಟೆ ಹಾಸಿ, ಹಿಟ್ಟನ್ನು ತೆಳುವಾಗಿ ಹರಡಿ, ನಲ್ಲಿಯನ್ನು ಸಣ್ಣಗೆ ಬಿಡಬೇಕು. ಬರ ಬಂದಾಗ ನೀರಿಗೆ ಮಿತಿ ಹಾಕುವ ಈ ರಾಜ್ಯದಲ್ಲಿ ನಲ್ಲಿಯನ್ನು ಗಂಟೆಗಟ್ಟಲೆ ಹರಿಯಬಿಡಲು ನನಗೆ ಮನಸ್ಸಾಗುವುದಿಲ್ಲ. ಜಾಡಿಯೇ ಮೇಲು.

ಕುದಿಸುವ ದಾರಿ ಅವಸರದವರಿಗೆ. ಬೀಸದ ತಿರುಳನ್ನು ನೀರಿನಲ್ಲಿ ಕುದಿಸಿ, ನೀರು ಕಪ್ಪಾದಾಗ ಚೆಲ್ಲಿ, ಪಕ್ಕದ ಒಲೆಯಲ್ಲಿ ಕುದಿಯುತ್ತಿರುವ ಹೊಸ ನೀರಿಗೆ ಹಾಕುತ್ತ ಹೋಗಬೇಕು. ಒಗರು ಹೋಗುವವರೆಗೆ ಹಲವು ಸುತ್ತು, ಅರ್ಧ ದಿನ. ಸಿಗುವ ತಿರುಳನ್ನು ಹುರಿಯಬಹುದು, ಕುಟ್ಟಿ ಪಲ್ಯಕ್ಕೆ ಹಾಕಬಹುದು. ಆದರೆ ಅದರ ಹಿಟ್ಟು ಅಂಟುವುದಿಲ್ಲ, ರೊಟ್ಟಿಗೆ ಬಾರದು.

ಪೋಮೋ ಜನರ ಒಂದು ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲಾರೆ. ಅವರು ಒಂದು ಬಗೆಯ ಕೆಮ್ಮಣ್ಣನ್ನು ಹಿಟ್ಟಿಗೆ ಕಲಸಿ, ನೆಲದ ಕುಳಿಯಲ್ಲಿ ಬಿಸಿಕಲ್ಲುಗಳ ನಡುವೆ ರಾತ್ರಿಯೆಲ್ಲ ಬೇಯಿಸಿ ಕಪ್ಪು ರೊಟ್ಟಿ ಮಾಡುತ್ತಿದ್ದರು. ಉಳಿದ ಟ್ಯಾನಿನ್ನನ್ನು ಮಣ್ಣು ಹಿಡಿದಿಟ್ಟುಕೊಂಡು ರೊಟ್ಟಿ ಸಿಹಿಯಾಗುತ್ತಿತ್ತು. ಯಾವ ಮಣ್ಣು ಎಂಬುದು ಅವರ ಪಾಂಡಿತ್ಯ. ನಾವು ಹಿತ್ತಿಲ ಮಣ್ಣಿನಲ್ಲಿ ಅದನ್ನು ಪ್ರಯೋಗಿಸುವುದು ಬೇಡ.

ಅಡುಗೆ

ತೊಳೆದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಒದ್ದೆ ಹಿಟ್ಟು ಸಿಗುತ್ತದೆ. ಎರಡು ದಿನದೊಳಗೆ ಬಳಸುವುದಾದರೆ ಹಾಗೆಯೇ ಫ್ರಿಜ್‌ನಲ್ಲಿಡಿ.

ಮೊದಲ ಸಲ ದಯವಿಟ್ಟು ಗಂಜಿಯನ್ನೇ ಮಾಡಿ, ಅದೂ ಸಪ್ಪೆಯಾಗಿ. ಒಗ್ಗರಣೆ ಬೀಳುವ ಮುಂಚೆ ಈ ಕಾಯಿಯ ಸ್ವಂತ ರುಚಿ ಏನೆಂದು ನಾಲಿಗೆಗೆ ತಿಳಿಯಬೇಕು. ಒಂದು ಲೋಟ ಒದ್ದೆ ಹಿಟ್ಟಿಗೆ ಮೂರು ಲೋಟ ನೀರು ಸೇರಿಸಿ, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಕೈಬಿಡದೆ ತಿರುವಿ. ಗಂಜಿ ದಪ್ಪವಾಗಿ, ಕಂದು ಗಾಢವಾಗಿ, ಹುರಿದ ಕಾಳಿನ ಸುವಾಸನೆ ಬರುತ್ತದೆ. ರುಚಿ ಸೌಮ್ಯ, ತುಸು ಎಣ್ಣೆಯ ನುಣುಪು. ಲೂಯಿಸೆನ್ಯೊ ಜನ ಇದನ್ನು ವೀವಿಶ್ ಎನ್ನುತ್ತಾರೆ, ಕುಮೆಯಾಯ್ ಜನ ಶವೀ ಎನ್ನುತ್ತಾರೆ. ಹಳೆಯ ಕ್ರಮದಲ್ಲಿ ಉಪ್ಪಿಲ್ಲ. ಜೊತೆಗೆ ಬರುತ್ತಿದ್ದದ್ದು ಒಣ ಮೀನು, ಜಿಂಕೆ ಮಾಂಸ, ಕಡಲಪಾಚಿ, ಕಾಡಿನ ಹಣ್ಣು. ಹಲವು ಕಡೆ ಬೇಯಿಸುತ್ತಿದ್ದದ್ದೂ ಪಾತ್ರೆಯಲ್ಲಲ್ಲ, ನೀರು ಸೋರದಷ್ಟು ಬಿಗಿಯಾಗಿ ಹೆಣೆದ ಬುಟ್ಟಿಯಲ್ಲಿ. ಬೆಂಕಿಯಲ್ಲಿ ಕಾಯಿಸಿದ ಕಲ್ಲನ್ನು ಬೂದಿ ಹೋಗುವಂತೆ ನೀರಲ್ಲಿ ಅದ್ದಿ, ಬುಟ್ಟಿಯೊಳಗಿನ ಗಂಜಿಗೆ ಬಿಟ್ಟು, ಬಾಗಿಸಿದ ಕೋಲಿನಿಂದ ತಿರುವುತ್ತಿದ್ದರು. ಕೋಲು ನಿಂತರೆ ಕಲ್ಲು ಬುಟ್ಟಿಯನ್ನು ಸುಡುತ್ತದೆ. ನಮ್ಮ ಒಲೆಯಲ್ಲೂ ಕೈ ನಿಲ್ಲಬಾರದು, ಗಂಜಿ ತಳ ಹಿಡಿಯುತ್ತದೆ.

ಉಳಿದ ಗಂಜಿ ಆರಿದಾಗ ಗಟ್ಟಿಯಾಗಿ ಚಾಕುವಿನಲ್ಲಿ ಕತ್ತರಿಸುವಂತಾಗುತ್ತದೆ. ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿದರೆ ಒಳ್ಳೆಯ ಅಂಬಲಿ. ಸ್ವಲ್ಪ ಒಗರು ಉಳಿದುಬಿಟ್ಟ ಹಿಟ್ಟಿಗೂ ಇದೇ ಪರಿಹಾರ: ಚಹಾದ ಒಗರನ್ನು ಹಾಲು ಇಳಿಸುವಂತೆ ಮಜ್ಜಿಗೆಯ ಪ್ರೋಟೀನ್ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ.

ರೊಟ್ಟಿಗೆ ಓಕ್ ಹಿಟ್ಟೊಂದೇ ಸಾಲದು. ಅದರಲ್ಲಿ ಗೋಧಿಯ ಜಿಗುಟಿಲ್ಲ. ಒಂದು ಪಾಲು ಒದ್ದೆ ಓಕ್ ಹಿಟ್ಟಿಗೆ ಎರಡರಿಂದ ಮೂರು ಪಾಲು ಅಕ್ಕಿ ಹಿಟ್ಟು, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಜೀರಿಗೆ, ಉಪ್ಪು ಸೇರಿಸಿ, ಬಿಸಿನೀರಿನಲ್ಲಿ ಕಲಸಿ, ಬಾಳೆಲೆಯ ಮೇಲೋ ಬೆಣ್ಣೆಕಾಗದದ ಮೇಲೋ ತಟ್ಟಿ. ಹೆಂಚಿನ ಉರಿ ಸಾಮಾನ್ಯ ಅಕ್ಕಿ ರೊಟ್ಟಿಗಿಂತ ಸಣ್ಣಗಿರಲಿ, ಏಕೆಂದರೆ ಓಕ್ ಹಿಟ್ಟು ಬೇಗ ಕೆಂಪಾಗುತ್ತದೆ. ಮುದ್ದೆಗೆ ಎರಡು ಪಾಲು ರಾಗಿಹಿಟ್ಟಿಗೆ ಒಂದು ಪಾಲು ಒಣಗಿಸಿದ ಓಕ್ ಹಿಟ್ಟು ಬೆರೆಸಿದರೆ ಚೆನ್ನಾಗಿ ಹೊಂದುತ್ತದೆ. ಸೊಪ್ಪಿನ ಸಾರಿನ ಜೊತೆ ಇದು ನನಗೆ ಅಚ್ಚುಮೆಚ್ಚು.

ಸಿಹಿ ಬೇಕೆಂದರೆ ಮಣ್ಣಿ. ಒಂದೂವರೆ ಲೋಟ ಒದ್ದೆ ಹಿಟ್ಟು, ನಾಲ್ಕು ಲೋಟ ತೆಳು ತೆಂಗಿನ ಹಾಲು, ಮುಕ್ಕಾಲು ಲೋಟ ಬೆಲ್ಲ. ಬೆಲ್ಲ ಕರಗಿಸಿ ಸೋಸಿ, ಎಲ್ಲವನ್ನೂ ಸೇರಿಸಿ ತಿರುವುತ್ತ, ನಡುವೆ ಎರಡು ಚಮಚ ತುಪ್ಪ ಹಾಕಿ, ತಳ ಬಿಡುವವರೆಗೆ ಕಾಯಿಸಿ. ಏಲಕ್ಕಿ ಉದುರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ.

ಇಷ್ಟೆಲ್ಲ ಶ್ರಮಕ್ಕೆ ಕೈಹಾಕುವ ಮೊದಲು ರುಚಿ ಹಿಡಿಸುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ಒಂದು ಸುಲಭ ದಾರಿ ಇದೆ. ಕೊರಿಯಾದವರು ತಮ್ಮ ನಾಡಿನ ಓಕ್ ಕಾಯಿಗಳ ಪಿಷ್ಟದಿಂದ ದೋತೋರಿಮುಕ್ ಎಂಬ ತಿನಿಸು ಮಾಡುತ್ತಾರೆ. ಸಾಂತಾ ಕ್ಲಾರಾದಲ್ಲಿ ಎಲ್ ಕಮಿನೊ ರಸ್ತೆಯುದ್ದಕ್ಕೂ ಇರುವ ಕೊರಿಯನ್ ಅಂಗಡಿಗಳಲ್ಲಿ ಆ ಪುಡಿಯನ್ನು ಕೇಳಿ. ಒಂದು ಲೋಟ ಪುಡಿಗೆ ಐದಾರು ಲೋಟ ನೀರು ಹಾಕಿ, ತಿರುವುತ್ತ ಕಾಯಿಸಿ, ತಟ್ಟೆಗೆ ಸುರಿದು ಆರಿಸಿದರೆ ಆಯಿತು. ಅವರು ಅದಕ್ಕೆ ಸೋಯಾ ಸಾಸ್, ಎಳ್ಳೆಣ್ಣೆ, ಮೆಣಸಿನಪುಡಿ ಹಚ್ಚಿ ತಿನ್ನುತ್ತಾರೆ. ಇಡೀ ಕಾಯಿಯ ಹಿಟ್ಟಿನಷ್ಟು ಗಾಢ ರುಚಿ ಇದಕ್ಕಿಲ್ಲ, ಆದರೆ ಅಂದಾಜು ಸಿಗುತ್ತದೆ.

ಬಾದಾಮಿ, ಅಕ್ರೋಟು, ಗೋಡಂಬಿಯಂಥವು ಒಗ್ಗದವರು ಓಕ್ ಕಾಯಿಯನ್ನು ವೈದ್ಯರನ್ನು ಕೇಳದೆ ತಿನ್ನಬೇಡಿ. ಉಳಿದವರೂ ಮೊದಲ ದಿನ ಒಂದು ಸಣ್ಣ ಬಟ್ಟಲಿಗೆ ನಿಲ್ಲಿಸಿ.

ಕೂಡಿಡುವುದು

ತೊಳೆದ ಹಿಟ್ಟು ಹೆಚ್ಚಾಗಿದ್ದರೆ ತೆಳ್ಳಗೆ ಹರಡಿ, ಕಡಿಮೆ ಬಿಸಿಯಲ್ಲಿ ಪೂರ್ತಿ ಒಣಗಿಸಿ, ಮತ್ತೊಮ್ಮೆ ಮಿಕ್ಸಿಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಡಿ. ಎಣ್ಣೆಯಂಶ ಇರುವುದರಿಂದ ಕಪಾಟಿನಲ್ಲಿಟ್ಟರೆ ಕೆಲವು ವಾರಗಳಲ್ಲೇ ಕಮಟು ಬರುತ್ತದೆ. ಹೆಚ್ಚು ದಿನ ಇಡುವುದಾದರೆ ಹಿಟ್ಟು ಮಾಡದೆ, ಒಣ ಕಾಯಿಯನ್ನು ಸಿಪ್ಪೆಸಹಿತ ಬಟ್ಟೆಚೀಲದಲ್ಲಿ ತೂಗುಹಾಕುವುದೇ ಒಳ್ಳೆಯದು. ಯಾವ ಮರದ ಕಾಯಿ, ಯಾವ ತಿಂಗಳು ಆಯ್ದದ್ದು, ಒಗರು ಹೋಗಲು ಎಷ್ಟು ದಿನ ಹಿಡಿಯಿತು ಎಂದು ಡಬ್ಬಿಯ ಮೇಲೆ ಬರೆದಿಡಿ. ಒಂದೇ ಬೀದಿಯ ಎರಡು ಮರಗಳ ಕಾಯಿಗೂ ಒಗರಿನಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಮುಂದಿನ ಅಕ್ಟೋಬರ್‌ನಲ್ಲಿ ಬಕೆಟ್ ಹಿಡಿದು ಯಾವ ಮರದಡಿಗೆ ಮೊದಲು ಹೋಗಬೇಕೆಂದು ಆ ಚೀಟಿ ಹೇಳುತ್ತದೆ.